ಬಾಗಿಲಕ್ಕನ ಪುಸ್ತಕದಲ್ಲಿ ಒಂದು ಗೋಡೆ

ನನ್ನ ಸೋದರತ್ತೆ ಇಪ್ಪತ್ತಾರು ವರ್ಷ ಬಾಗಿಲು ಎಣಿಸಿದಳು. ಹೀಗೆಂದರೆ ಹೊಸಬರು ನಗುತ್ತಾರೆ. ನಗಲಿ ಬಿಡಿ. ಅದು ನಗರಸಭೆಯ ಕೆಲಸ, ತಿಂಗಳ ಸಂಬಳದ ಕೆಲಸ, ಅದನ್ನು ಅವಳಷ್ಟು ನೆಟ್ಟಗೆ ಮಾಡಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಆ ಇಪ್ಪತ್ತಾರು ವರ್ಷದಲ್ಲಿ ಅವಳು ಒಂದೇ ಒಂದು ಸುಳ್ಳು ಬರೆದಳು. ಅದನ್ನು ಬರೆದದ್ದು ನಮ್ಮ ಮನೆಗಾಗಿ. ಆ ಸುಳ್ಳಿನಿಂದ ನನ್ನ ಅಮ್ಮನ ಜೀವ ಹೋಗುವುದರಲ್ಲಿತ್ತು.

ನಮ್ಮ ಬಡಾವಣೆಯ ತುದಿಯಲ್ಲಿ ಒಂದು ಠಾಣೆ ಇದೆ. ಎಡಗಡೆ ಪೊಲೀಸರು, ಬಲಗಡೆ ಬೆಂಕಿ ಆರಿಸುವ ಒಂದು ಗಾಡಿ ಮತ್ತು ಆರು ಜನ. ಅವರ ಸಂಬಳ, ಗಾಡಿಯ ಡೀಸೆಲ್, ನೀರಿನ ಪೈಪು, ಗಸ್ತಿನವರ ಬೂಟು, ಎಲ್ಲವೂ ನಮ್ಮ ಜೇಬಿನಿಂದಲೇ ಹೋಗಬೇಕು. ಕಾವಲು ಶುಲ್ಕ ಎಂದು ಅದರ ಹೆಸರು. ಅದು ಮನೆಗೆ ಇಷ್ಟು ಎಂದಲ್ಲ, ಬಾಗಿಲಿಗೆ ಇಷ್ಟು ಎಂದು. ಬೀದಿಗೋ ಓಣಿಗೋ ತೆರೆಯುವ ಪ್ರತಿ ಬಾಗಿಲಿಗೂ ವರ್ಷಕ್ಕೊಮ್ಮೆ ಕಟ್ಟಬೇಕು, ಅಂಗಡಿ ಬಾಗಿಲಾದರೆ ಎರಡು ಪಟ್ಟು. ಸಂಜೆ ಗಸ್ತಿನ ಪೊಲೀಸಿನವನು ಪುಸ್ತಕದಲ್ಲಿರುವ ಒಂದೊಂದು ಬಾಗಿಲನ್ನೂ ಕೈಯಿಂದ ತಳ್ಳಿ, ಚಿಲಕ ಬಿದ್ದಿದೆಯೋ ಇಲ್ಲವೋ ನೋಡಿ ಮುಂದೆ ಹೋಗುತ್ತಾನೆ. ಎಷ್ಟು ಬಾಗಿಲೋ ಅವನಿಗೆ ಅಷ್ಟು ಕೆಲಸ, ಅಷ್ಟಕ್ಕೆ ದುಡ್ಡು. ಈ ಪದ್ಧತಿ ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ ಗೊತ್ತಿಲ್ಲ, ನಾವು ಹುಟ್ಟುವ ಮುಂಚೆಯೇ ಅದು ಇತ್ತು.

ವರ್ಷದಲ್ಲಿ ಒಂದು ತಿಂಗಳು ಎಣಿಕೆಯ ತಿಂಗಳು. ಅತ್ತೆ ಬಗಲಲ್ಲಿ ಉದ್ದನೆಯ ಪುಸ್ತಕ ಇಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದಳು. ಒಂದು ಮನೆಗೆ ಒಂದು ಪುಟ. ಪುಟದಲ್ಲಿ ಪೆನ್ಸಿಲಿನಿಂದ ಮನೆಯ ನಕ್ಷೆ, ಕೋಣೆಗಳಿಗೆ ಚೌಕ, ಬಾಗಿಲಿರುವ ಕಡೆ ಗೆರೆಗೆ ಅಡ್ಡವಾಗಿ ಒಂದು ಕತ್ತರಿ ಗುರುತು. ಆ ಪುಸ್ತಕಕ್ಕೆ ಎರಡು ಪ್ರತಿ. ಒಂದು ಶುಲ್ಕ ಹಾಕಲು ಆಫೀಸಿಗೆ ಹೋಗುತ್ತಿತ್ತು, ಇನ್ನೊಂದು ಠಾಣೆಗೆ. ಎಲ್ಲಾದರೂ ಬೆಂಕಿ ಬಿದ್ದರೆ ಗಾಡಿಯವರು ಮೊದಲು ತೆಗೆಯುವುದು ಆ ಮನೆಯ ಪುಟವನ್ನು. ಅತ್ತೆಗೆ ಆಫೀಸಿನ ಪ್ರತಿಗಿಂತ ಠಾಣೆಯ ಪ್ರತಿಯ ಮೇಲೆಯೇ ಅಕ್ಕರೆ. "ಆಫೀಸಿನವರಿಗೆ ಬೇಕಾಗಿರೋದು ಬರೀ ಸಂಖ್ಯೆ. ಹೊಗೆ ತುಂಬಿದ ಮನೆ ಒಳಗೆ ಹೋಗೋನಿಗೆ ನನ್ನ ಗೆರೆನೇ ಕಣ್ಣು," ಎನ್ನುತ್ತಿದ್ದಳು.

ಯಾವುದು ಬಾಗಿಲು, ಯಾವುದು ಕಿಟಕಿ ಎಂಬುದಕ್ಕೆ ಅವಳದೇ ಒಂದು ಕಾನೂನಿತ್ತು. ಅವಳು ದಾಟಿದರೆ ಬಾಗಿಲು, ದಾಟಲಾಗದಿದ್ದರೆ ಕಿಟಕಿ. ದೂರದಿಂದ ನೋಡಿ ಬರೆಯುವವಳಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರತಿಯೊಂದನ್ನೂ ದಾಟಿ ನೋಡುತ್ತಿದ್ದಳು. ನಮ್ಮ ಎದುರಿನ ಬೇಕರಿಯವಳು ಬ್ರೆಡ್ಡಿನ ಟ್ರೇ ಹೊರಗೆ ಕೊಡುವ ಒಂದು ಗಿಡ್ಡ ಬಾಗಿಲಿನ ಬಗ್ಗೆ ಅತ್ತೆಯ ಜೊತೆ ಹನ್ನೊಂದು ವರ್ಷ ಜಗಳ ಆಡಿದಳು. ಅದು ಕಿಟಕಿ ಎಂದು ಅವಳು, ಬಾಗಿಲು ಎಂದು ಇವಳು. ಪ್ರತಿ ವರ್ಷವೂ ಅತ್ತೆ ಬಗ್ಗಿ, ಉಸಿರು ಬಿಗಿಹಿಡಿದು, ಆಚೆ ದಾಟಿ, ಮೊಣಕೈಗೆ ಅಂಟಿದ ಹಿಟ್ಟು ಕೊಡವಿಕೊಂಡು ಬರೆದುಕೊಳ್ಳುತ್ತಿದ್ದಳು. ವಯಸ್ಸಾದಂತೆ ಅತ್ತೆ ದಪ್ಪವಾದಳು. ಬೇಕರಿಯವಳು ಅವಳಿಗೆ ದಿನಾ ಎರಡು ಬನ್ನು ಪುಕ್ಕಟೆ ಕೊಡಲು ಶುರು ಮಾಡಿದಳು. ಇನ್ನೆರಡು ವರ್ಷದಲ್ಲಿ ಅದು ಕಿಟಕಿಯಾಗುತ್ತದೆ ಎಂದು ಬೀದಿಯಲ್ಲೆಲ್ಲ ನಗು. ಅತ್ತೆ ಬನ್ನಿಗೆ ದುಡ್ಡು ಕೊಟ್ಟು ತಿಂದಳೇ ಹೊರತು ಪುಕ್ಕಟೆ ತಿನ್ನಲಿಲ್ಲ.

ಬಾಗಿಲಕ್ಕ ಎಂಬ ಹೆಸರು ಅವಳಿಗೆ ಹೀಗೆ ಅಂಟಿಕೊಂಡಿತು. ಅವಳು ಬರುವುದು ಕಂಡರೆ ಮೂಗು ಮುರಿಯುವವರೇ ಹೆಚ್ಚು. ಒಬ್ಬರ ದಾಕ್ಷಿಣ್ಯಕ್ಕೂ ಬೀಳದ ಹೆಂಗಸು ಎಂದು ಬೈಯುತ್ತಲೇ ಅವಳ ಮಾತನ್ನು ನಂಬುತ್ತಿದ್ದರು. ಪಕ್ಕದ ಮನೆಯವನಿಗೆ ಮೂರು ಬಾಗಿಲು ಎಂದು ಅವಳು ಬರೆದಿದ್ದರೆ ಮೂರೇ. ಅದಕ್ಕೆ ಯಾರೂ ತಕರಾರು ಎತ್ತುತ್ತಿರಲಿಲ್ಲ.

ನಮ್ಮಪ್ಪ ದರ್ಜಿ, ಅತ್ತೆಗೆ ಒಬ್ಬನೇ ತಮ್ಮ. ಮನೆ, ಅಂಗಡಿ ಎರಡೂ ಒಂದೇ ಕಟ್ಟಡ. ಮುಂದೆ ಬೀದಿಗೆ ಅಂಗಡಿಯ ಎರಡು ಬಾಗಿಲು, ಮಧ್ಯದಲ್ಲಿ ಬಟ್ಟೆ ಗಂಟು, ಹತ್ತಿ, ಅಸ್ತರಿನ ಥಾನು ತುಂಬಿದ ಕತ್ತಲೆ ಕೋಣೆ, ಹಿಂದೆ ನಾವು ಮಲಗುವ ಕೋಣೆ. ಆ ಕೋಣೆಯಿಂದ ಹಿಂದಿನ ಓಣಿಗೆ ಒಂದು ಬಾಗಿಲು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅಪ್ಪನ ಹತ್ತಿರ ಹೊಸ ಬಟ್ಟೆ ಹೊಲಿಸುವವರು ಕಮ್ಮಿಯಾದರು. ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ಪು ಹಾಕುವುದು, ಇಷ್ಟೇ ಉಳಿಯಿತು. ಆ ವರ್ಷ ಎಣಿಕೆಗೆ ಬಂದ ಅತ್ತೆಗೆ ಅಪ್ಪ, "ಅಕ್ಕ, ಹಿಂದಿನ ಬಾಗಿಲು ಮುಚ್ಚಿಬಿಟ್ಟಿದ್ದೀನಿ, ಅದನ್ನ ಪುಸ್ತಕದಿಂದ ಹೊಡೆದುಹಾಕು," ಎಂದ.

ಮುಚ್ಚಿದ ಬಾಗಿಲನ್ನು ಪುಸ್ತಕದಿಂದ ತೆಗೆಯಲು ನಿಯಮವಿದೆ. ಇಟ್ಟಿಗೆ ಕಟ್ಟಿ ಗಾರೆ ಮೆತ್ತಿರಬೇಕು. ಅತ್ತೆ ಹಿಂದಿನ ಕೋಣೆಗೆ ಬಂದು ನೋಡಿದಳು. ಬಾಗಿಲಿನ ಎದುರಿಗೆ ನಮ್ಮ ಮರದ ಬೀರು ಬಂದು ನಿಂತಿತ್ತು, ಅಷ್ಟೇ. ಅದರ ಪಕ್ಕದ ಸಂದಿಯಲ್ಲಿ ಕೈ ತೂರಿಸಿ ತಳ್ಳಿದಳು. ಬಾಗಿಲು ಕಿರ್ರೆಂದು ತೆರೆಯಿತು. ಓಣಿಯ ಬೆಳಕು ಗೆರೆಯಾಗಿ ಒಳಗೆ ಬಿತ್ತು. ನಾನು ಅಲ್ಲೇ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದೆ. ಅಪ್ಪ ಇತ್ತ ನೋಡಲಿಲ್ಲ.

"ಮುಂದಿನ ತಿಂಗಳು ಇಟ್ಟಿಗೆ ತರಿಸ್ತೀನಿ. ಮುಚ್ಚಿದೆ ಅಂತ್ಲೇ ಅಂದ್ಕೋ," ಎಂದ.

"ನಿನ್ನ ಹೆಂಡತಿ ದಿನವೆಲ್ಲ ಇಲ್ಲೇ ಇರ್ತಾಳೆ," ಎಂದಳು ಅತ್ತೆ.

"ಅವಳಿಗೆ ಕಾಲಿದೆ, ಮುಂದಿನಿಂದ ಬರ್ತಾಳೆ. ಈ ವರ್ಷ ಒಂದು ಸಲ, ಅಕ್ಕ. ಮತ್ತೆ ಯಾವತ್ತಾದ್ರೂ ನಿನ್ನ ಹತ್ರ ಏನಾದ್ರೂ ಕೇಳಿದ್ದೀನಾ?"

ಅಪ್ಪ ನಿಜಕ್ಕೂ ಕೇಳುವವನಲ್ಲ. ಅದೇ ಕಷ್ಟವಾಯಿತು ಅತ್ತೆಗೆ. ಗೆರೆಯ ಕತ್ತರಿ ಗುರುತನ್ನು ರಬ್ಬರಿನಿಂದ ಉಜ್ಜಿ, ಮೇಲೆ ಪೆನ್ಸಿಲು ಎಳೆದು, ಪಕ್ಕದಲ್ಲಿ "ಹಿಂದೆ ಗೋಡೆ" ಎಂದು ಬರೆದಳು. ಬರೆದು ಮುಗಿಸಿ ಕಾಫಿಯನ್ನೂ ಕುಡಿಯದೆ ಹೊರಟುಹೋದಳು. ನಾನು ಆಗ ಬಾಯಿಬಿಡಬಹುದಿತ್ತು, ಬಿಡಲಿಲ್ಲ. ನನಗೂ ಹೊಸ ಚಪ್ಪಲಿ ಬೇಕಿತ್ತು.

ಅಪ್ಪ ಇಟ್ಟಿಗೆ ತರಿಸಲಿಲ್ಲ. ಇಟ್ಟಿಗೆಗೂ ದುಡ್ಡು ಬೇಕಲ್ಲ. ಬೇರೆ ಅಧಿಕಾರಿ ಯಾರಾದರೂ ತಪಾಸಣೆಗೆ ಬಂದಾರೆಂದು ಹೊರಗಡೆಯಿಂದ ಬಾಗಿಲಿಗೆ ತಗಡು ಹೊಡೆದು, ಅದರ ಮೇಲೆ ಗೋಡೆಗೆ ಬಳಿದ ಸುಣ್ಣವನ್ನೇ ಬಳಿದ. ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಇನ್ನು ಒಳಗಿನಿಂದ ತಳ್ಳಿದರೂ ಅದು ಅಲುಗುವಂತಿರಲಿಲ್ಲ. ಓಣಿಯಲ್ಲಿ ನಿಂತು ನೋಡಿದರೆ ಅಲ್ಲಿ ಬಾಗಿಲಿತ್ತೆಂದು ದೇವರಾಣೆಗೂ ಹೇಳಲಾಗುತ್ತಿರಲಿಲ್ಲ. ಬೀರುವನ್ನು ಪೂರ್ತಿ ಸರಿಸಿ ಅಡ್ಡ ಇಟ್ಟ, ಅದರ ತುಂಬ ಹಳೆಯ ಥಾನುಗಳನ್ನು ತುಂಬಿದ. ಆನೆ ಬಂದು ದೂಡಿದರೂ ಅದು ಜರುಗುವಂತಿರಲಿಲ್ಲ. ಈ ವರ್ಷ ಒಂದು ಸಲ ಎಂದದ್ದು ಮೂರು ವರ್ಷವಾಯಿತು. ಮೂರು ವರ್ಷವೂ ಅತ್ತೆ ಓಣಿಯ ತಗಡನ್ನು ಕಂಡೂ ಕಾಣದ ಹಾಗೆ, ನಮ್ಮ ಹಿಂದಿನ ಕೋಣೆಗೆ ಕಾಲಿಡದೆ, ಹಿಂದಿನ ಪುಟ ನೋಡಿ ಹೊಸ ಪುಟ ಬರೆದಳು.

ಬೆಂಕಿ ಬಿದ್ದದ್ದು ಎಣಿಕೆಯ ತಿಂಗಳಲ್ಲೇ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಅಪ್ಪ ದಾರ, ಕ್ಯಾನ್ವಾಸು ತರಲು ಪೇಟೆಗೆ ಹೋಗಿದ್ದ. ನಾನು ಆಗಲೇ ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದೆ. ಅಂಗಡಿಯಲ್ಲಿದ್ದವನು ಹದಿನೈದು ದಿನದ ಹಿಂದೆ ಬಂದ ಕೆಲಸಗಾರ ಒಬ್ಬನೇ. ಮಧ್ಯದ ಕೋಣೆಯ ಹಳೆಯ ವೈರಿನಿಂದ ಕಿಡಿ ಹಾರಿ ಹತ್ತಿಗೆ ಹಿಡಿದಿದೆ. ಅವನು ಬಕೆಟ್ ನೀರು ಎರಚಿ, ಆಗದೆ ಬೀದಿಗೆ ಓಡಿ ಕೂಗಿಕೊಂಡ. ಅಮ್ಮ ಹಿಂದಿನ ಕೋಣೆಯಲ್ಲಿದ್ದಳು. ಅವಳಿಗೂ ಬೀದಿಗೂ ನಡುವೆ ಬೆಂಕಿ.

ಗಾಡಿ ಆರು ನಿಮಿಷದಲ್ಲಿ ಬಂತು. ಯಾರು ಏನೇ ಅನ್ನಲಿ, ನಾವು ಕಟ್ಟಿದ ದುಡ್ಡು ಆವತ್ತು ಆರು ನಿಮಿಷದಲ್ಲಿ ಬಂತು. ಗಾಡಿಯ ಮುಖ್ಯಸ್ಥ ಇಳಿಯುತ್ತಲೇ ನಮ್ಮ ಪುಟ ತೆಗೆದ. ಹಿಂದೆ ಗೋಡೆ. ಹಾಗಾಗಿ ಎಲ್ಲ ಪೈಪುಗಳನ್ನೂ ಮುಂದಿನಿಂದಲೇ ಬಿಟ್ಟರು. ಮಧ್ಯದ ಕೋಣೆಯನ್ನು ದಾಟಿ ಹೋಗಲು ನೋಡಿದರು, ಸೂರಿನ ಮರದ ತೊಲೆ ಬಿದ್ದು ದಾರಿ ಕಟ್ಟಿತು. ಅವರದು ತಪ್ಪಿಲ್ಲ. ಪುಸ್ತಕ ಹೇಳಿದ ಹಾಗೆ ಮಾಡಿದರು.

ಅತ್ತೆ ಮೂರನೇ ಬೀದಿಯಲ್ಲಿ ಬಾಗಿಲು ಎಣಿಸುತ್ತಿದ್ದವಳು ಗಾಡಿಯ ಗಂಟೆಯ ಸದ್ದು ಕೇಳಿ, ಹೊಗೆ ಎಲ್ಲಿಂದ ಏಳುತ್ತಿದೆ ಎಂದು ನೋಡಿ, ಪುಸ್ತಕವನ್ನು ಯಾರದೋ ಜಗಲಿಯ ಮೇಲೆ ಎಸೆದು ಓಡಿದಳಂತೆ. ಅವಳು ಓಡಿದ್ದನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ. ಬೀದಿಯ ಜನವೆಲ್ಲ ಅಲ್ಲೇ ನೆರೆದಿತ್ತು. ಮುಂದೆ ನಡೆದದ್ದನ್ನು ನನಗೆ ಹೇಳಿದವನು ಆ ಮುಖ್ಯಸ್ಥನೇ.

"ಹಿಂದಿನಿಂದ ಹೋಗಿ, ಹಿಂದೆ ಬಾಗಿಲಿದೆ," ಎಂದಳು ಅತ್ತೆ.

"ಹಿಂದೆ ಗೋಡೆ ಅಂತ ಇದೆಯಲ್ಲಮ್ಮ. ನಿಮ್ಮ ಕೈಬರಹವೇ."

"ನಾನು ಸುಳ್ಳು ಬರೆದಿದ್ದೀನಿ. ಬಾಗಿಲಿದೆ. ತಗಡು ಹೊಡೆದಿದ್ದಾರೆ, ಒಳಗೆ ಬೀರು ಇದೆ. ಬನ್ನಿ, ತೋರಿಸ್ತೀನಿ."

ಇಷ್ಟು ಹೇಳಲು ಅವಳು ಒಂದು ಗಳಿಗೆಯೂ ಹಿಂದೆಮುಂದೆ ನೋಡಲಿಲ್ಲ ಎಂದ ಅವನು. ಇಬ್ಬರು ಕೊಡಲಿ ಹಿಡಿದು ಅವಳ ಹಿಂದೆ ಓಣಿಗೆ ಓಡಿದರು. ತಗಡು ಕಿತ್ತರು, ಬಾಗಿಲು ಒಡೆದರು, ಬೀರುವಿನ ಬೆನ್ನು ಸೀಳಿ ಥಾನುಗಳನ್ನು ಹೊರಗೆಳೆದು ಹಾಕಿದರು. ಅಮ್ಮ ಬೀರುವಿನ ಪಕ್ಕದ ಸಂದಿಯಲ್ಲಿ ನೆಲಕ್ಕೆ ಕುಸಿದಿದ್ದಳು.

ಆಸ್ಪತ್ರೆಗೆ ತಂದಾಗ ಚೀಟಿಯ ಮೇಜಿನಲ್ಲಿ ನಾನಿದ್ದೆ. ಮುಖ ಮಸಿ ಹಿಡಿದು ಗುರುತು ಸಿಗಲಿಲ್ಲ. ಹೆಸರು ಏನು ಎಂದು ಕೇಳುತ್ತ ತಲೆ ಎತ್ತಿದೆ, ಮಂಚದ ಹಿಂದೆ ಅತ್ತೆ ನಿಂತಿದ್ದಳು. ಆಗ ಗೊತ್ತಾಯಿತು. ಅಮ್ಮನ ಹೆಸರನ್ನು ನನ್ನ ಕೈಯಿಂದಲೇ ಬರೆದೆ. ಅವಳು ಉಳಿದಳು. ಎರಡೂ ಅಂಗೈ ಸುಟ್ಟಿದ್ದವು, ಎದೆಗೆ ಹೊಗೆ ಹೋಗಿ ಹನ್ನೆರಡು ದಿನ ಮಲಗಿದ್ದಳು. ಅಪ್ಪ ಆ ಹನ್ನೆರಡು ದಿನವೂ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ನನಗೆ ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ.

ಅತ್ತೆಯ ಮೇಲೆ ವಿಚಾರಣೆ ಆಯಿತು. ನಗರಸಭೆಯ ಮಾಳಿಗೆ ಕೋಣೆ, ಉದ್ದ ಮೇಜು, ಒಬ್ಬ ಅಧಿಕಾರಿ, ಒಬ್ಬ ಟೈಪು ಮಾಡುವವನು. ಹಿಂದಿನ ದಿನ ಅಪ್ಪ ಅತ್ತೆಯ ಮನೆಗೆ ಹೋಗಿ, ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕಿಕೊಳ್ಳುವುದಾಗಿ ಹೇಳಿದ್ದ. ಬೀರು ಅಡ್ಡ ಇಟ್ಟು ಅಕ್ಕನಿಗೆ ಮೋಸ ಮಾಡಿದೆ, ಅವಳಿಗೇನೂ ಗೊತ್ತಿರಲಿಲ್ಲ ಎಂದುಬಿಟ್ಟರೆ ಅವಳ ಕೆಲಸ ಉಳಿಯುತ್ತಿತ್ತು. ನಿವೃತ್ತಿಗೆ ಉಳಿದಿದ್ದದ್ದು ಹದಿನಾಲ್ಕು ತಿಂಗಳು. ನಾನೂ ಹಾಗೇ ಮಾಡು ಅತ್ತೆ ಎಂದು ಗೋಗರೆದಿದ್ದೆ.

ಮರುದಿನ ಅಪ್ಪ ಎದ್ದು ನಿಂತು ತನ್ನ ಪಾಠ ಒಪ್ಪಿಸಿದ. ಅಧಿಕಾರಿ ಅತ್ತೆಯ ಕಡೆ ತಿರುಗಿ, "ಇವರು ಹೇಳಿದ್ದು ಸರೀನಾ?" ಎಂದು ಕೇಳಿದ. ಅವನಿಗೂ ಅವಳನ್ನು ಉಳಿಸುವ ಮನಸ್ಸಿತ್ತು ಎಂದು ನನಗನ್ನಿಸಿತು.

"ಇಲ್ಲ ಸರ್. ನಾನೇ ಕೈಯಿಂದ ತಳ್ಳಿದೆ, ತೆರೀತು. ಆಮೇಲೆ ಗೋಡೆ ಅಂತ ಬರೆದೆ."

"ಯೋಚನೆ ಮಾಡಿ ಹೇಳಿ."

"ಮೂರು ವರ್ಷದಿಂದ ಯೋಚನೆ ಮಾಡ್ತಾನೇ ಇದ್ದೀನಿ, ಸರ್. ಟೈಪು ಮಾಡಿಸಿ."

ಅವಳನ್ನು ಕೆಲಸದಿಂದ ತೆಗೆದರು, ಪಿಂಚಣಿಯಲ್ಲಿ ಅರ್ಧ ಕತ್ತರಿಸಿದರು. ಅಪ್ಪನಿಗೆ ದಂಡ ಬಿತ್ತು. ಮೆಟ್ಟಿಲು ಇಳಿಯುವಾಗ ಅಪ್ಪ ಅವಳ ಕೈ ಹಿಡಿಯಲು ಹೋದ. ಅವಳು ಬಿಡಿಸಿಕೊಂಡು ಪಕ್ಕದ ಕಂಬಿ ಹಿಡಿದೇ ಇಳಿದಳು.

ಬೀದಿಯವರ ಬಾಯಿಗೆ ಬೀಗ ಹಾಕುವವರು ಯಾರು? ನಮ್ಮ ಕೋಳಿಗೂಡಿನಂಥ ಬಾಗಿಲನ್ನೂ ಬಿಡದೆ ಎಣಿಸಿದಳು, ತಮ್ಮನದು ಮಾತ್ರ ಗೋಡೆಯಾಯಿತು ಎಂದರು. ಅತ್ತೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ನಾನು ಆಸ್ಪತ್ರೆಯಿಂದ ಬರುವಾಗ ದಿನಾ ಹೋಗಿ ಅವಳ ಜೊತೆ ಅರ್ಧ ಗಂಟೆ ಕೂರುತ್ತಿದ್ದೆ. ಹಾಗೆ ಕೂತಿದ್ದಾಗ ಒಂದು ದಿನ ಬೇಕರಿಯವಳು ಬಂದಳು. ಜಗಳಕ್ಕೇ ಬಂದಿದ್ದಾಳೆ ಎಂದು ನಾನು ಎದ್ದು ನಿಂತೆ.

"ಬಾಗಿಲಕ್ಕ, ನಮ್ಮಲ್ಲಿ ಮೈದಾ ಮೂಟೆ ಹಿಂದೆ ಒಂದು ಬಾಗಿಲಿದೆ," ಎಂದಳು ಅವಳು, ನೆಲ ನೋಡುತ್ತ.

"ಯಾವ ಬಾಗಿಲು?"

"ನೀವು ನೋಡಿಲ್ಲ. ಎಣಿಕೆ ಬಂದಾಗೆಲ್ಲ ಮೂಟೆ ಅಡ್ಡ ಪೇರಿಸಿಬಿಡ್ತಿದ್ವಿ. ಒಲೆ ಹತ್ರ ನಮ್ಮತ್ತೆ ಮಲಗ್ತಾರೆ. ಈಗ ನಿದ್ದೇನೇ ಬರ್ತಿಲ್ಲ ನಂಗೆ."

ಹನ್ನೊಂದು ವರ್ಷ ಟ್ರೇ ಬಾಗಿಲಿಗಾಗಿ ಹೊಡೆದಾಡಿದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು. ಅತ್ತೆಯ ಕಣ್ಣು ಅಲ್ಲಿಂದ ಒಳಗೆ ಹೋಗದಿರಲೆಂದು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಸೈಕಲ್ ರಿಪೇರಿಯವನು ಬಂದ, ಗಡಿಯಾರದವನು ಬಂದ, ಪಾಠ ಹೇಳುವ ಮೇಡಂ ಬಂದರು, ಅವರನ್ನು ನಾವು ಮಹಾ ಸತ್ಯವಂತೆ ಎಂದುಕೊಂಡಿದ್ದೆವು. ಕ್ಯಾಲೆಂಡರಿನ ಹಿಂದೆ, ಸೌದೆ ರಾಶಿಯ ಹಿಂದೆ, ಬಚ್ಚಲಿನ ಹಂಡೆಯ ಹಿಂದೆ ಬಾಗಿಲು. ಒಂದು ತಿಂಗಳಲ್ಲಿ ಅರವತ್ತಮೂರು. ಅತ್ತೆ ಹೋಗಿ ಒಂದೊಂದನ್ನೂ ದಾಟಿ ನೋಡಿ ಬಂದಳು. ಕೊನೆಯ ದಿನ ಮನೆಗೆ ಬಂದು ಕುರ್ಚಿಯ ಮೇಲೆ ಕೂತಳು.

"ನಾನು ಒಂದೇ ಸುಳ್ಳು ಬರೆದೆ ಅಂದ್ಕೊಂಡಿದ್ದೆ. ಆ ಪುಸ್ತಕದಲ್ಲಿ ನಿಜ ಇದ್ದದ್ದೇ ಕಮ್ಮಿ," ಎಂದಳು. "ನಾನು ಸಾಚಾ ಆಗಿದ್ದಷ್ಟು ದಿನ ಒಬ್ಬರೂ ಹೇಳ್ಲಿಲ್ಲ ನೋಡು."

ನಕ್ಕಳು. ನಕ್ಕಿದ್ದೇ ಅಳು ಬಂತು. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಆ ಅರವತ್ತಮೂರನ್ನು ಕಾಗದದ ಮೇಲೆ ಬರೆದು ಠಾಣೆಗೆ ಕೊಟ್ಟರೆ ಆಫೀಸಿಗೂ ತಿಳಿಯುತ್ತದೆ, ಹಿಂದಿನ ವರ್ಷಗಳದ್ದೂ ಸೇರಿಸಿ ಎಲ್ಲರಿಗೂ ಬಿಲ್ಲು ಬರುತ್ತದೆ. ಬಿಲ್ಲು ಬಂದರೆ ಮತ್ತೆ ಮೂಟೆ, ಮತ್ತೆ ಬೀರು. ಕೊಡದಿದ್ದರೆ ಗಾಡಿಯವರು ಕುರುಡರು. ಅತ್ತೆ ಠಾಣೆಗೆ ಹೋಗಿ ಮುಖ್ಯಸ್ಥನನ್ನು ಕಂಡಳು. "ಬರೆದು ಕೊಡಲ್ಲ. ನಡೆದು ತೋರಿಸ್ತೀನಿ, ನಿಮ್ಮ ಹುಡುಗರು ನೆನಪಿಟ್ಕೊಳ್ಳಲಿ," ಎಂದಳು. ಅವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು ಒಪ್ಪಿದ. ಅಂದಿನಿಂದ ಗಾಡಿಗೆ ಹೊಸಬ ಯಾರೇ ಸೇರಲಿ, ಅವನ ಮೊದಲ ಕೆಲಸ ಬೆಳಿಗ್ಗೆ ಅತ್ತೆಯ ಹಿಂದೆ ಓಣಿ ಸುತ್ತುವುದು. ಅದಕ್ಕೆ ಅವಳಿಗೆ ಬಿಡಿಗಾಸೂ ಸಿಗುವುದಿಲ್ಲ. ಇದು ಸರಿಯೋ ತಪ್ಪೋ ನನ್ನನ್ನು ಕೇಳಬೇಡಿ. ನಮ್ಮ ಮನೆಯದನ್ನು ಮಾತ್ರ ಅಮ್ಮ ಹಟ ಹಿಡಿದು ಪುಸ್ತಕಕ್ಕೆ ಮತ್ತೆ ಸೇರಿಸಿದಳು, ಅಪ್ಪ ವರ್ಷಾವರ್ಷ ಅದರ ಶುಲ್ಕ ಕಟ್ಟುತ್ತಾನೆ.

ಮೊನ್ನೆ ಹೊಸಬನೊಬ್ಬನನ್ನು ಕರೆದುಕೊಂಡು ಅತ್ತೆ ನಮ್ಮ ಹಿಂದಿನ ಓಣಿಗೆ ಬಂದಳು. ನಾನೂ ಜೊತೆಗಿದ್ದೆ. ಅಮ್ಮ ಬೆಂಕಿ ಬಿದ್ದ ದಿನದ ಬಗ್ಗೆ ನಮ್ಮ ಯಾರ ಹತ್ತಿರವೂ ಎಂದೂ ಮಾತಾಡಿದವಳಲ್ಲ. ಬಾಗಿಲಲ್ಲಿ ನಿಂತಿದ್ದವಳು ಅವನ ಮುಖ ನೋಡಿ, "ಒಳಗಿರೋರು ಬಡಿದ್ರೆ ಹೊರಗೆ ಹೇಗೆ ಕೇಳುತ್ತೆ ಅಂತ ಗೊತ್ತಾ ನಿಮಗೆ?" ಎಂದು ಕೇಳಿದಳು. ಅವನು ಇಲ್ಲ ಎಂದ. ಅಮ್ಮ ಬಾಗಿಲು ಹಾಕಿಕೊಂಡಳು.

ಒಳಗಿನಿಂದ ಬಡಿಯತೊಡಗಿದಳು. ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ತಟ್ಟುತ್ತಿದ್ದಾರೆ ಎಂದುಕೊಂಡು ಹೋಗಿಬಿಡಬಹುದಿತ್ತು. ಹೊಸಬ ಕಿವಿಯನ್ನು ಬಾಗಿಲಿಗೆ ಹತ್ತಿರ ತಂದ. ಅತ್ತೆ ಗೋಡೆಗೆ ಕೈ ಊರಿ ನಿಂತಿದ್ದಳು.

"ಕೇಳಿಸ್ತಾ ಅತ್ತಿಗೆ? ಸಾಕಾ?" ಎಂದಳು ಅಮ್ಮ ಒಳಗಿನಿಂದ.

"ಇನ್ನೂ ಸ್ವಲ್ಪ ಬಡಿಯಮ್ಮ," ಎಂದಳು ಅತ್ತೆ. "ನಾನೂ ಕೇಳಬೇಕು."